ಗಾಲಿ ಇದ್ದದ್ದು ನಿಂಬೆಹಣ್ಣು ದಾಟಬೇಕು

ಮೊದಲ ಡಬ್ಬಿಯನ್ನು ನಾನು ನನಗಾಗಿ ಕೊಂಡದ್ದಲ್ಲ. ಮೈದುನನ ಮಗನ ಹುಟ್ಟುಹಬ್ಬಕ್ಕೆಂದು ಬಳ್ಳಾರಿಯ ಅಂಗಡಿಯೊಂದರಲ್ಲಿ ಕೊಂಡೆ. ಪ್ಲಾಸ್ಟಿಕ್ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಕ್ರೇನು ಕಟ್ಟಬೇಕು, ಹೊಟ್ಟೆಯೊಳಗೆ ಪುಟ್ಟ ಮೋಟರು ಕೂರಿಸಬೇಕು, ಬ್ಯಾಟರಿ ಹಾಕಿದರೆ ಅದು ತಾನೇ ಕತ್ತು ತಿರುಗಿಸಿ ಕೊಕ್ಕೆ ಇಳಿಸಬೇಕು. ಮನೆಗೆ ತಂದ ಮೇಲೆ ಒಂದು ಅನುಮಾನ ಬಂತು. ಮೋಟರು ಕೆಟ್ಟಿದ್ದರೆ? ಹಬ್ಬದ ದಿನ ಮಗುವಿನ ಮುಖ ಸಣ್ಣದಾದರೆ? ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪಬೇಡಿ ಎಂದು ಮಕ್ಕಳ ತಲೆ ತಿನ್ನುವವಳು. ಮೋಟರನ್ನಷ್ಟೇ ನೋಡೋಣ ಎಂದು ಡಬ್ಬಿ ಬಿಚ್ಚಿದೆ. ಸಂಜೆಯ ಹೊತ್ತಿಗೆ ಕ್ರೇನು ಎದ್ದು ನಿಂತಿತ್ತು, ಅಡುಗೆಮನೆಯಲ್ಲಿ ಹಾಲು ಉಕ್ಕಿ ಹರಿದಿತ್ತು, ಕ್ರೇನಿನ ಕೊಕ್ಕೆಗೆ ಸಿಕ್ಕಿದ್ದ ನನ್ನ ಬಳೆ ಗಾಳಿಯಲ್ಲಿ ತೂಗುತ್ತಿತ್ತು. ಹುಡುಗನಿಗೆ ಕ್ರಿಕೆಟ್ ಬ್ಯಾಟು ಕೊಟ್ಟು ಬಂದೆವು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಮಗಳು ಓದಲೆಂದು ಹಾಸ್ಟೆಲಿಗೆ ಹೋದ ಮೇಲೆ ಅವಳ ಕೋಣೆ ನನ್ನ ವರ್ಕ್‌ಶಾಪು ಆಯಿತು. ಕಪಾಟಿನ ರೇಷ್ಮೆ ಸೀರೆಗಳು ಟ್ರಂಕಿಗೆ ಇಳಿದವು, ಅವುಗಳ ಜಾಗಕ್ಕೆ ಟ್ರಕ್ಕು, ಲಿಫ್ಟು, ಗಾಳಿಯಂತ್ರ, ಎರಡು ಕೈಯ ಅಗೆಯುವ ಯಂತ್ರ ಏರಿದವು. ರಜೆಗೆ ಬಂದ ಮಗಳು ತನ್ನ ಮಂಚದ ಮೇಲೆ ಅರ್ಧ ಕಟ್ಟಿದ ಸೇತುವೆ ಮಲಗಿದ್ದು ನೋಡಿ, ತನ್ನ ಕೋಣೆಗೆ ಬರಲು ಇನ್ನು ಯಾರ ಅಪ್ಪಣೆ ಕೇಳಬೇಕು ಅಂತ ಕೇಳಿದಳು. ಸೇತುವೆಯನ್ನು ಕೇಳು ಅಂದೆ.

ಬಳ್ಳಾರಿಯಲ್ಲಿ ಈ ಹವ್ಯಾಸ ಸುಲಭವಲ್ಲ. ನಮ್ಮೂರಿನ ಬಿಸಿಲಿಗೆ ರಬ್ಬರ್ ಬೆಲ್ಟುಗಳು ಕರಗಿ ಜೋಲುಬೀಳುತ್ತವೆ. ಅದಕ್ಕಿಂತ ಕಷ್ಟ ಕೆಂಧೂಳಿನದು. ಕಿಟಕಿ ಎಷ್ಟೇ ಮುಚ್ಚಿದರೂ ಅದು ನೆಂಟರ ಹಾಗೆ ಬಂದೇ ಬರುತ್ತದೆ, ಬಂದು ಗೇರಿನ ಹಲ್ಲುಗಳ ಸಂದಿನಲ್ಲಿ ಕೂತುಬಿಡುತ್ತದೆ. ಬಟ್ಟೆಯಿಂದ ಒರೆಸಿದರೆ ಹೋಗುವುದಿಲ್ಲ. ಬಹಳ ಹುಡುಕಿದ ಮೇಲೆ ಅದಕ್ಕೆ ತಕ್ಕ ಸಾಧನ ನಮ್ಮವರ ಶೇವಿಂಗ್ ಬ್ರಷ್ಷು ಎಂದು ಕಂಡುಕೊಂಡೆ. ಅವರು ಒಂದು ವಾರ ಕೆನ್ನೆಯ ಮೇಲೆ ಕೆಂಪು ನೊರೆ ಯಾಕೆ ಬರುತ್ತಿದೆ ಎಂದು ಸೋಪಿನ ಕಂಪನಿಯನ್ನು ಬೈದುಕೊಂಡರು. ಆಮೇಲೆ ಹೊಸ ಬ್ರಷ್ಷು ತಂದು, ಹಳೆಯದನ್ನು ನನ್ನ ಮೇಜಿನ ಮೇಲೆ ಇಟ್ಟುಹೋದರು. ಅಕ್ಕಿ ವ್ಯಾಪಾರದ ಮನುಷ್ಯ. ಮಾತು ಕಡಿಮೆ, ಮಧ್ಯಾಹ್ನದ ನಿದ್ದೆ ಜಾಸ್ತಿ. ನನ್ನ ಹುಚ್ಚನ್ನು ಅವರು ಬಿಸಿಲಿನ ಹಾಗೆಯೇ ಒಪ್ಪಿಕೊಂಡಿದ್ದರು.

ಪಾರ್ಸೆಲ್ಲಿನವನು ಪದೇಪದೇ ಬಾಗಿಲು ತಟ್ಟುವುದನ್ನು ನೋಡಿ, ಟೀಚರಮ್ಮ ಒಳಗೊಳಗೇ ಸೀರೆ ಬಿಸಿನೆಸ್ಸು ಮಾಡುತ್ತಿದ್ದಾರೆಂದು ಓಣಿಯಲ್ಲಿ ಸುದ್ದಿಯಾಯಿತು. ಒಂದು ದಿನ ಪಕ್ಕದ ಮನೆಯಾಕೆ ನೋಡಿಯೇಬಿಡೋಣವೆಂದು ಒಳಬಂದರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಆಡುವವರು ಅವರು. ಮಂಚದ ಮೇಲಿನ ಯಂತ್ರಗಳನ್ನೆಲ್ಲ ನೋಡಿ ಹೊರಟರು. ಸ್ವಲ್ಪ ಹೊತ್ತಿಗೆ ಕೆಟ್ಟುಹೋದ ತಮ್ಮ ಮಿಕ್ಸಿಯನ್ನು ಎದೆಗೆ ಅವುಚಿಕೊಂಡು ಮರಳಿ ಬಂದರು. ಇವು ಆಟದ ಮೋಟರುಗಳು, ನಿಮ್ಮದು ಬೇರೆ ಅಂತ ನಾನು ಬಿಡಿಸಿ ಹೇಳಿದೆ.

"ಮೋಟರು ಮೋಟರೇ ಕದಾ ಮೇಡಂ," ಅಂದರು ಅವರು, ಮಿಕ್ಸಿಯನ್ನು ನನ್ನ ಕೈಗಿಟ್ಟು.

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಮಿಕ್ಸಿ ಬಿಚ್ಚಿ, ಸವೆದುಹೋಗಿದ್ದ ಬುಷ್ ಬದಲಿಸಿ ಕೊಟ್ಟೆ. ನನ್ನ ಯಂತ್ರಗಳನ್ನು ಯಂತ್ರವೆಂದು ಒಪ್ಪಿದ ಮೊದಲ ಮನುಷ್ಯರು ಅವರು. ಮಿಕ್ಕವರೆಲ್ಲ, ನನ್ನ ಹೆತ್ತ ತಾಯಿಯೂ ಸೇರಿ, ಅವನ್ನು ಕರೆಯುವುದು ಆಟಿಗಿ ಸಾಮಾನು ಅಂತ.

ಈ ಆಟಿಗಿ ಸಾಮಾನು ಅನ್ನುವ ಮಾತಿಗೇ ನಾನು ಕಳೆದ ವರ್ಷ ಜಗಳಕ್ಕೆ ನಿಂತದ್ದು, ಅದೂ ಸಿರುಗುಪ್ಪದಲ್ಲಿ, ಅದೂ ಮಾವನವರ ಹತ್ತಿರ.

ಮಾವನವರದು ಹಳೆಯ ಭತ್ತದ ಒಕ್ಕಲುತನ. ಗದ್ದೆ ದೇಶನೂರಿನಲ್ಲಿ, ಮನೆ ಸಿರುಗುಪ್ಪದಲ್ಲಿ. ಅತ್ತೆ ತೀರಿಕೊಂಡ ಮೇಲೆ ಮನೆಯ ನೇಮಗಳ ಉಸ್ತುವಾರಿಯೂ ಅವರದೇ. ಇದ್ದ ನೇಮ ಕಡಿಮೆಯೆನಿಸಿದರೆ ಹೊಸದು ಹುಟ್ಟಿಸುತ್ತಾರೆ. ಆಯುಧ ಪೂಜೆಯ ದಿನ ಮನೆತನದವರೆಲ್ಲ ಅಲ್ಲಿ ಸೇರಬೇಕು, ತಮ್ಮ ತಮ್ಮ ಯಂತ್ರ ತರಬೇಕು. ಅಂಗಳದಲ್ಲಿ ಒಂದು ಸಾಲು. ಮೊದಲಿಗೆ ಮಾವನವರ ಹಳೆಯ ಟ್ರ್ಯಾಕ್ಟರು. ಆಮೇಲೆ ಮೈದುನನ ಭತ್ತ ಕೊಯ್ಯುವ ಯಂತ್ರ. ಗಾಲಿಯ ಬದಲು ಉದ್ದನೆಯ ಪಟ್ಟಿ ಸುತ್ತುತ್ತ ಕೆಸರುಗದ್ದೆಯಲ್ಲೂ ಹೂತುಹೋಗದೆ ನಡೆಯುವ ಇದಕ್ಕೆ ನಮ್ಮ ಕಡೆ ಚೈನ್ ಮಷಿನ್ ಅನ್ನುತ್ತಾರೆ. ಅದರ ಹಿಂದೆ ಕಾರು, ಬೈಕು, ಹೊಲಿಗೆ ಯಂತ್ರ, ಕೊನೆಯಲ್ಲಿ ಸಾಣೆ ಹಿಡಿದ ಕುಡುಗೋಲು. ಗಾಲಿ ಇಲ್ಲದ್ದರ ಮುಂದೆ ನಿಂಬೆಹಣ್ಣು ಕೊಯ್ದಿಟ್ಟರೆ ಸಾಕು. ಗಾಲಿ ಇದ್ದದ್ದು ಮಾತ್ರ ಕುಂಕುಮ ಹಚ್ಚಿದ ನಿಂಬೆಹಣ್ಣು ದಾಟಬೇಕು. ಅದೂ ತನ್ನ ಮೋಟರಿನ ಬಲದಿಂದಲೇ, ಯಾರೂ ಕೈ ಹಚ್ಚಕೂಡದು. ಇದು ಮಾವನವರ ಸ್ವಂತ ಸೇರ್ಪಡೆ. ಒಂದು ವರ್ಷ ಸ್ಟಾರ್ಟ್ ಆಗದ ಮೊಪೆಡ್ಡನ್ನು ಯಾರೋ ನೂಕಿ ದಾಟಿಸಿದ್ದಕ್ಕೆ ಅದನ್ನು ಸಾಲಿನಿಂದ ಎಬ್ಬಿಸಿ, ಕೋಳಿಗೂಡಿನ ಪಕ್ಕ ನಿಲ್ಲಿಸಿದ್ದರು.

ಕಳೆದ ವರ್ಷ ನಾನು ಆ ಮೊದಲ ಕ್ರೇನನ್ನು ತೋರಿಸುವ ಚಪಲಕ್ಕೆ ಒಯ್ದಿದ್ದೆ. ಮೈದುನನ ಮಕ್ಕಳು ಅದಕ್ಕೆ ತಂಬಿಗೆ ಕಟ್ಟಿ ನೆಲದಡಿಯ ನೀರಿನ ತೊಟ್ಟಿಯಿಂದ ನೀರು ಸೇದಲು ನೋಡಿದರು. ತಂಬಿಗೆ ಮೇಲೆ ಬರಲಿಲ್ಲ, ಕ್ರೇನು ಕೆಳಗೆ ಹೋಯಿತು. ನಾನು ತರಗತಿಯ ಗಂಟಲಿನಲ್ಲಿ ಕಿರುಚಿದೆ. ಹಬ್ಬದ ಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದವರ ಕೈ ನಿಂತಿತು. ಮಾವ ಎಲ್ಲರನ್ನೂ ಕರೆಸಿ, ಕಟ್ಟೆಯ ಮೇಲೆ ಕೂತು ನ್ಯಾಯ ಹೇಳಿದರು: ಸಾಲಿನಲ್ಲಿ ನಿಂತದ್ದು ಯಜಮಾನನದು, ಅದನ್ನು ಬೇರೆಯವರು ಮುಟ್ಟಕೂಡದು. ಸಾಲಿನಲ್ಲಿ ಇಲ್ಲದ್ದು ಆಟಿಗಿ ಸಾಮಾನು, ಅದು ಮಕ್ಕಳ ಪಾಲು.

ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಹಾಗಿದ್ದರೆ ಬರುವ ವರ್ಷ ನನ್ನದನ್ನೂ ಸಾಲಿಗೆ ನಿಲ್ಲಿಸುತ್ತೇನೆ ಅಂದುಬಿಟ್ಟೆ. ಅಂಗಳದಲ್ಲಿ ಯಾರೋ ನಕ್ಕರು. ಮಾವ ನಗಲಿಲ್ಲ.

"ನಿಲ್ಸವಾ," ಅಂದರು. "ಗಾಲಿ ಇದ್ದದ್ದು ನಿಂಬಿಹಣ್ಣು ದಾಟಬೇಕು. ಕೈ ಹಚ್ಚಂಗಿಲ್ಲ. ದಾಟಿತಂದ್ರ ನಿನ್ನ ಸಾಮಾನು ಯಾರೂ ಮುಟ್ಟಂಗಿಲ್ಲ. ದಾಟಲಿಲ್ಲಂದ್ರ ಬಳ್ಳಾರಿ ಮನ್ಯಾಗಿರೋ ಅಷ್ಟೂ ಡಬ್ಬಿ ಈ ಹುಡುಗರಿಗೆ."

"ಆತ್ರಿ ಮಾವಾರ," ಅಂದೆ.

ಅಷ್ಟೂ ಡಬ್ಬಿ ಅಂದರೆ ಏನೆಂದು ತಲೆಗೆ ಹೊಕ್ಕದ್ದು ಕಾರಿನಲ್ಲಿ ಕೂತ ಮೇಲೆ. ತೆಕ್ಕಲಕೋಟೆ ದಾಟಿದ ಮೇಲೆ ನಮ್ಮವರು ರಸ್ತೆ ನೋಡುತ್ತಲೇ, ನಿಂಬೆಹಣ್ಣು ಗುಂಡಗಿರುತ್ತದಲ್ಲವಾ ಅಂದರು.

ಹೌದು, ಅದೇ ಸಮಸ್ಯೆ. ನಿಜವಾದ ಟ್ರ್ಯಾಕ್ಟರಿಗೆ ನಿಂಬೆಹಣ್ಣು ಲೆಕ್ಕವೇ ಅಲ್ಲ. ನನ್ನ ಯಂತ್ರಗಳ ಮುಂದೆ ಅದೊಂದು ಗುಂಡುಕಲ್ಲು. ಗಾಲಿಯ ಗಾಡಿಗಳು ಒಂದಾದ ಮೇಲೊಂದು ಸೋತವು. ಮೈದುನನ ಚೈನ್ ಮಷಿನ್ ನೆನಪಿಟ್ಟುಕೊಂಡು, ಇದ್ದ ಡಬ್ಬಿಗಳ ಅರ್ಧ ತುಂಡುಗಳನ್ನು ಸುರಿದುಕೊಂಡು, ಎರಡೂ ಬದಿಗೆ ಪಟ್ಟಿ ಸುತ್ತುವ ಹಳದಿ ಬುಲ್ಡೋಜರು ಕಟ್ಟಿದೆ. ರಿಮೋಟು ಒತ್ತಿದರೆ ಗಂಭೀರವಾಗಿ ಗುರುಗುಡುತ್ತ ಮುಂದೆ ಬರುತ್ತಿತ್ತು. ಬಂದು, ನಿಂಬೆಹಣ್ಣನ್ನು ಮೂಗಿನಿಂದ ನೂಕಿಕೊಂಡು ಮಂಚದ ಕೆಳಗೆ ಹೋಗುತ್ತಿತ್ತು. ಮೋಟರಿನ ಓಟವನ್ನು ಸಣ್ಣ ಗೇರಿನಿಂದ ದೊಡ್ಡ ಗೇರಿಗೆ ದಾಟಿಸಿ ನಿಧಾನ ಮಾಡಿದೆ. ನಿಧಾನವಾದಷ್ಟೂ ಬಲ ಹೆಚ್ಚು. ಈಗ ಅದು ನಿಂಬೆಹಣ್ಣನ್ನು ನಿಧಾನವಾಗಿ, ಬಲವಾಗಿ ಮಂಚದ ಕೆಳಗೆ ನೂಕತೊಡಗಿತು.

ಪೆಟ್ಟು ತಿಂದ ಹಣ್ಣುಗಳನ್ನು ಎಸೆಯುವಂತಿರಲಿಲ್ಲ. ನಮ್ಮ ಮನೆಯಲ್ಲಿ ದಿನವೂ ಚಿತ್ರಾನ್ನ, ದಿನವೂ ಶರಬತ್ತು, ಉಪ್ಪಿನಕಾಯಿಯ ಭರಣಿಗಳ ಮೇಲೆ ಭರಣಿ. ನಮ್ಮವರು ಒಂದು ಮಧ್ಯಾಹ್ನ ತಟ್ಟೆಯ ಮುಂದೆ ಕೂತು, ಈ ಪಂದ್ಯವನ್ನು ಬೇರೆ ಯಾವುದಾದರೂ ಹಣ್ಣಿಗೆ ಬದಲಿಸಿಕೊಳ್ಳಲು ಅಪ್ಪನನ್ನು ಕೇಳಲಾ ಅಂದರು. ಪಾಪ, ಹಲ್ಲು ಚುಳ್ ಅನ್ನುತ್ತಿದ್ದವಂತೆ.

ಇಷ್ಟೊಂದು ನಗೆಯಾಡುತ್ತಿದ್ದರೂ ನನಗೆ ಒಳಗೆ ಭಯವಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸಂಸಾರದಲ್ಲಿ ಹೆಂಗಸಿನ ಕೈಯಲ್ಲಿರುವ ವಸ್ತುಗಳೆಲ್ಲ ಮನೆಯ ವಸ್ತುಗಳೇ. ಒಲೆ ಮನೆಯದು, ಪಾತ್ರೆ ಮನೆಯದು, ಒಡವೆ ಮಗಳ ಮದುವೆಗೆ. ಯಾರಿಗೂ ಉಪಯೋಗವಿಲ್ಲದ, ಯಾರ ಹೊಟ್ಟೆಯನ್ನೂ ತುಂಬಿಸದ, ನನ್ನ ಕೈ ಮತ್ತು ತಲೆಯ ಸುಖಕ್ಕೆ ಮಾತ್ರ ಇರುವ ವಸ್ತು ನನಗೆ ಐವತ್ತರ ಹತ್ತಿರ ಬಂದ ಮೇಲೆ ಸಿಕ್ಕಿದ್ದು. ಒಂದು ಗೇರಿಗೆ ಇನ್ನೊಂದು ಗೇರು ಹಲ್ಲುಗೂಡುವ ಗಳಿಗೆಯಲ್ಲಿ ನನಗೆ ಆಗುವ ಸಂತೋಷ ಬೇರೆಲ್ಲೂ ಆಗಿಲ್ಲ. ಅದನ್ನೆಲ್ಲ ಒಂದು ಸಿಟ್ಟಿನ ಮಾತಿಗೆ ಒತ್ತೆ ಇಟ್ಟು ಬಂದಿದ್ದೆ.

ದಸರಾ ರಜೆ ಬಂತು. ಹಬ್ಬಕ್ಕೆ ಮುಂಚೆ ನಾಲ್ಕು ದಿನ ತವರಿನಲ್ಲಿ ಇದ್ದು ಬರೋಣವೆಂದು ಕುರುಗೋಡಿಗೆ ಹೋದೆ. ಸೀರೆಯ ಚೀಲ ಚಿಕ್ಕದು, ಬುಲ್ಡೋಜರಿನ ಚೀಲ ದೊಡ್ಡದು. ಅವ್ವ ಎರಡನ್ನೂ ನೋಡಿ, ಚಿಕ್ಕವಳಿದ್ದಾಗ ಅಪ್ಪನ ಗಡಿಯಾರ ಬಿಚ್ಚಿ ಹಾಕಿದವಳಿಗೆ ಈಗ ಬುದ್ಧಿ ಬರುತ್ತದೆ ಅಂತ ಕಾಯುವುದು ತನ್ನ ತಪ್ಪು ಅಂದಳು.

ನಮ್ಮ ತವರುಮನೆಯ ಹಿಂದೆ ಓಣಿಯವರೆಲ್ಲ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಹಾಕುವ ಒಂದು ಹಾಸುಬಂಡೆ ಇದೆ. ಬಿಸಿಲೇರಿದರೆ ಕಾಲಿಡಲಾಗದು. ಹಾಗಾಗಿ ಬೆಳಕು ಹರಿಯುತ್ತಲೇ, ಯಾರೂ ಏಳುವ ಮೊದಲು, ಬುಲ್ಡೋಜರನ್ನು ಅಲ್ಲಿಗೆ ಒಯ್ದೆ. ಹಬ್ಬದ ದಿನ ಹಣ್ಣಿಗೆ ಕುಂಕುಮ ಇರುತ್ತದೆ, ಕುಂಕುಮ ಜಾರುತ್ತದೆ. ಹಾಗಾಗಿ ಇಲ್ಲೂ ಕುಂಕುಮ ಹಚ್ಚಿಯೇ ಇಟ್ಟೆ. ರಿಮೋಟು ಒತ್ತಿದೆ. ಹಳದಿ ಗಾಡಿ ಬಂತು, ಹಣ್ಣಿಗೆ ಮೂಗು ತಾಗಿಸಿತು, ಮೂಗು ಮೇಲೆತ್ತಿತು, ಗುರುಗುಟ್ಟಿತು, ಹತ್ತಿತು, ಆ ಕಡೆ ಧೊಪ್ಪನೆ ಇಳಿಯಿತು. ನಾನು ಬಂಡೆಯ ಮೇಲೆ ಒಬ್ಬಳೇ ಕುಣಿದೆ. ದಾಟಿದ್ದು ಒಮ್ಮೆ ಅಲ್ಲ, ಇಟ್ಟಷ್ಟು ಸಲ ದಾಟಿತು. ನನ್ನ ಗೇರುಗಳ ಬಗ್ಗೆ ನನಗೆ ಅಹಂಕಾರ ಬಂತು. ಕುಂಕುಮದ ಹಣ್ಣುಗಳನ್ನು ಮೇಕೆಗಳು ತಿನ್ನಲಿ ಅಂತ ಅಲ್ಲೇ ಬಿಟ್ಟು ಬಂದೆ. ಮರುದಿನವೂ ಹಾಗೇ ಮಾಡಿದೆ, ಅದರ ಮರುದಿನವೂ.

ಮೇಕೆಗಳು ತಿನ್ನಲಿಲ್ಲ. ಓಣಿಯ ಹೆಂಗಸರು ನೋಡಿದರು.

ನಮ್ಮ ಕಡೆ ದಾರಿಯಲ್ಲಿ ಒಂದು ಕುಂಕುಮದ ನಿಂಬೆಹಣ್ಣು ಬಿದ್ದಿದ್ದರೆ ಜನ ಸುತ್ತು ಹಾಕಿಕೊಂಡು ಹೋಗುತ್ತಾರೆ. ಇಲ್ಲಿ ದಿನ ಬೆಳಗಾದರೆ ಬಂಡೆಯ ತುಂಬ ಜಜ್ಜಿದ ಹಣ್ಣುಗಳು, ಅವುಗಳ ಸುತ್ತ ಯಾವ ಪ್ರಾಣಿಯದೂ ಅಲ್ಲದ ಹೆಜ್ಜೆಪಟ್ಟಿಗಳು. ಯಾರೋ ಮಾಟ ಮಾಡಿಸಿದ್ದಾರೆಂದು ಓಣಿಯೇ ನಡುಗಿತು. ಬಂಡೆಯ ಮೇಲಿನ ಮೆಣಸಿನಕಾಯಿ ಮನೆಯ ಮಾಳಿಗೆಗೆ ಏರಿತು. ಮಕ್ಕಳ ನಡುವಿಗೆ ಕರಿದಾರ ಬಂತು. ಯಾರ ಮೇಲೆ ಯಾರು ಮಾಡಿಸಿರಬಹುದೆಂಬ ವಿಚಾರದಲ್ಲಿ ಎರಡು ಮನೆಗಳ ನಡುವೆ ಮಾತು ನಿಂತಿತು. ಇಷ್ಟೆಲ್ಲ ಆಗಿದ್ದು ನನಗೆ ಗೊತ್ತೇ ಇಲ್ಲ. ಅವ್ವ ಮಾತ್ರ ಒಂದು ಮುಂಜಾನೆ ಹಿಂಬಾಗಿಲಲ್ಲಿ ನಿಂತು ನನ್ನ ಕೈಯ ಕುಂಕುಮ ನೋಡಿದಳು, ಬಗಲಿನ ಬುಲ್ಡೋಜರು ನೋಡಿದಳು, ಹಣೆ ಚಚ್ಚಿಕೊಂಡಳು.

"ಯವ್ವಾ, ಅದು ನೀನಾ," ಅಂದಳು. "ಓಣಿ ಮಂದಿ ಮಂತ್ರಗಾರನ್ನ ಕರಸಾಕ ಹೊಂಟಾರ."

ನನ್ನನ್ನು ಕೈ ಹಿಡಿದು ಎಳೆದುಕೊಂಡೇ ಹೋಗಿ ಓಣಿಯ ಹೆಂಗಸರ ಮುಂದೆ ನಿಲ್ಲಿಸಿದಳು. ಊರಿನ ಮಗಳು, ಕಲಿತವಳು, ಟೀಚರು. ಬಾಯಲ್ಲಿ ಹೇಳಿದರೆ ಯಾರೂ ನಂಬುವಂತಿರಲಿಲ್ಲ, ಹಾಗಾಗಿ ಎಲ್ಲರನ್ನೂ ಬಂಡೆಗೆ ಕರೆದುಕೊಂಡು ಹೋಗಿ ಮಾಡಿಯೇ ತೋರಿಸಿದೆ. ಗಾಡಿ ಹಣ್ಣು ಹತ್ತುವಾಗ ಎಲ್ಲರೂ ಬಗ್ಗಿ ನೋಡಿದರು. ಆ ಕಡೆ ಇಳಿದಾಗ ಮಾತು ಬಿಟ್ಟಿದ್ದ ಎರಡು ಮನೆಯ ಹೆಂಗಸರೂ ಒಟ್ಟಿಗೆ ನಕ್ಕರು. ಆಮೇಲೆ ಪಂದ್ಯದ ಕಥೆ ಕೇಳಿದರು, ಕೇಳಿ ಮಾವನವರ ಮೇಲೆ ಸಿಟ್ಟಾದರು. ಕುರುಗೋಡಿನ ಮಗಳು ಸಿರುಗುಪ್ಪದಲ್ಲಿ ಸೋಲಬಾರದು ಎಂದಾಯಿತು. ಹೊರಡುವ ದಿನ ನನ್ನ ಮಡಿಲಿಗೆ ಅಕ್ಕಿ, ಅಡಕೆ, ಎಲೆಯ ಜೊತೆ ಪ್ರತಿ ಮನೆಯಿಂದಲೂ ಒಂದೊಂದು ನಿಂಬೆಹಣ್ಣು ಬಿತ್ತು. ನಾನು ಮನೆಗೆ ಬಂದಾಗ ಅವನ್ನು ನೋಡಿದ ನಮ್ಮವರ ಮುಖ ಹುಳ್ಳಗಾಯಿತು.

ಆಯುಧ ಪೂಜೆಯ ದಿನ ನಾನು ಸಿರುಗುಪ್ಪದಲ್ಲಿ ಎಲ್ಲರಿಗಿಂತ ಮೊದಲು ಎದ್ದೆ. ಹಿರಿಯ ಸೊಸೆ. ಅಂಗಳಕ್ಕೆ ಸಗಣಿನೀರು ಹಾಕಿ ಸಾರಿಸಿದೆ, ಕನ್ನಡಿಯ ಹಾಗೆ ನುಣ್ಣಗೆ ಸಾರಿಸಿದೆ, ರಂಗೋಲಿ ಬಿಟ್ಟೆ. ಗಾಡಿಗಳು ಸಾಲಿಗೆ ನಿಂತವು. ಚೆಂಡುಹೂವಿನ ಮಾಲೆಗಳು ಬಂದವು. ಸಾಲಿನ ಕಟ್ಟಕಡೆಗೆ, ಕುಡುಗೋಲಿನ ಪಕ್ಕ, ನನ್ನ ಬುಲ್ಡೋಜರು. ಮೈದುನನ ಮಕ್ಕಳು ಅದರ ಸುತ್ತ ಆಗಲೇ ಕೂತಿದ್ದರು, ಬಳ್ಳಾರಿಯ ಡಬ್ಬಿಗಳಲ್ಲಿ ಯಾರಿಗೆ ಯಾವುದು ಅಂತ ಹಂಚಿಕೊಳ್ಳುತ್ತ.

ಪದ್ಧತಿಯಂತೆ ಮೊದಲು ಟ್ರ್ಯಾಕ್ಟರು. ಅದು ಈಗ ಗದ್ದೆಗೆ ಹೋಗುವುದಿಲ್ಲ. ವರ್ಷವೆಲ್ಲ ತಗಡಿನ ಕೆಳಗೆ ನಿಂತಿರುತ್ತದೆ, ಮಾವ ದಿನವೂ ಹೋಗಿ ಬಾನೆಟ್ಟು ಒರೆಸಿ ಬರುತ್ತಾರೆ. ಅವರು ಹೊಸ ಪಂಚೆ ಎತ್ತಿಕಟ್ಟಿ, ನೋಯುವ ಮೊಣಕಾಲು ಎಳೆಯುತ್ತ ಮೇಲೆ ಹತ್ತಿ ಕೂತರು. ಚಾವಿ ತಿರುವಿದರು. ಎಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಕಾರಿನ ಬ್ಯಾಟರಿಯಿಂದ ತಂತಿ ಕೊಟ್ಟರು. ಇನ್ನಷ್ಟು ಕೆಮ್ಮಿತು. ಮೈದುನ ಡೀಸೆಲ್ ಪೈಪು ಬಿಚ್ಚಿ ಊದಿದ. ಕೆಮ್ಮೂ ನಿಂತುಹೋಯಿತು.

ಮೈದುನ ಒಳ್ಳೆಯವನೇ, ಆದರೆ ಆತುರದವನು. ಈ ವರ್ಷ ಅದರ ಮುಂದೆ ಹಣ್ಣು ಕೊಯ್ದಿಟ್ಟು ಮುಗಿಸೋಣ, ಹೇಗೂ ಬಳ್ಳಾರಿಯ ಗುಜರಿಯವನು ಕೇಳುತ್ತಲೇ ಇದ್ದಾನೆ, ತಗಡಿನ ಕೆಳಗೆ ಜಾಗವಾದರೂ ಆಗುತ್ತದೆ ಅಂದ. ಅವನು ಕೆಟ್ಟದಾಗಿ ಹೇಳಲಿಲ್ಲ. ಮಾವನ ನೇಮವನ್ನೇ ಮಾವನಿಗೆ ಹೇಳಿದ, ಅಷ್ಟೇ. ದಾಟದ್ದು ಸಾಲಿನಲ್ಲಿಲ್ಲ, ಸಾಲಿನಲ್ಲಿಲ್ಲದ್ದು ಯಜಮಾನನದಲ್ಲ.

ಮಾವ ಸ್ಟೀರಿಂಗ್ ಹಿಡಿದೇ ಕೂತಿದ್ದರು. ಇಳಿಯಲಿಲ್ಲ. ನಾನು ಅವರ ಮುಖ ನೋಡಿದೆ. ಯಾರಿಗೂ ಉಪಯೋಗವಿಲ್ಲದ, ಯಾರ ಹೊಟ್ಟೆಯನ್ನೂ ಈಗ ತುಂಬಿಸದ, ಅವರ ಕೈಯ ಸುಖಕ್ಕೆ ಮಾತ್ರ ಇರುವ ವಸ್ತು ಅದು. ಒಂದು ವರ್ಷದಿಂದ ನಾನು ಯಾರ ಮೇಲೆ ಸಿಟ್ಟಿಟ್ಟುಕೊಂಡಿದ್ದೆನೋ, ಆ ಮನುಷ್ಯ ಮಂಚದ ಮೇಲೆ ಸೇತುವೆ ಮಲಗಿಸಿದ್ದ ನನ್ನ ಹಾಗೆಯೇ ಕಂಡರು.

ನಾನು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಹಿರಿಯರ ಮುಂದೆ ಬಾಯಿ ಬರುತ್ತಿರಲಿಲ್ಲ. ಬುಲ್ಡೋಜರನ್ನು ಎತ್ತಿ ತಂದು ಟ್ರ್ಯಾಕ್ಟರಿನ ಮುಂದೆ ಇಟ್ಟೆ. ಮಾಲೆಯಿಂದ ಒಂದು ಎಳೆ ಬಿಚ್ಚಿ, ಒಂದು ತುದಿಯನ್ನು ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದೆ, ಇನ್ನೊಂದನ್ನು ನನ್ನ ಗಾಡಿಯ ಹಿಂದಿನ ಕೊಕ್ಕೆಗೆ.

"ಮಾವಾರ, ನಂದು ಎಳಿತೈತ್ರಿ," ಅಂದೆ. "ಮಷಿನ್ ಮಷಿನ್ ಎಳದ್ರ ಕೈ ಹಚ್ಚಿದಂಗ ಆಗಂಗಿಲ್ಲ."

ಅಂಗಳ ತುಂಬ ನಗೆ ಏಳುವುದರಲ್ಲಿತ್ತು. ಆದರೆ ಮಾವ ನನ್ನನ್ನೇ ನೋಡುತ್ತಿದ್ದರು, ಹಾಗಾಗಿ ಯಾರೂ ನಗಲಿಲ್ಲ. ಅವರು ಗೇರು ನ್ಯೂಟ್ರಲ್ಲಿಗೆ ತಂದು, ಬ್ರೇಕು ಬಿಟ್ಟು, ಹೂಂ ಎಂದು ತಲೆಯಾಡಿಸಿದರು. ನಾನು ರಿಮೋಟು ಒತ್ತಿದೆ. ಬುಲ್ಡೋಜರು ಗುರುಗುಟ್ಟಿತು, ಹೂವಿನ ಎಳೆ ಬಿಗಿಯಾಯಿತು. ನಮ್ಮವರು, ಯಾವುದಕ್ಕೂ ಆತುರಪಡದ ನಮ್ಮವರು, ಏನೋ ನೆನಪಾದವರ ಹಾಗೆ ಟ್ರ್ಯಾಕ್ಟರಿನ ಹಿಂದೆ ಹೋಗಿ ನಿಂತರು. ಅವರ ಹಿಂದೆ ಮೈದುನನೂ ಹೋದ. ಟ್ರ್ಯಾಕ್ಟರು ಅಲುಗಿತು, ನಿಂಬೆಹಣ್ಣುಗಳು ಪಟ್ ಪಟ್ ಅಂದವು, ಹೂವಿನ ಎಳೆ ಹರಿಯಲೇ ಇಲ್ಲ. ಮೈದುನನ ಮಗಳು, ಚೂಟಿ ಹುಡುಗಿ, ಅಪ್ಪ ಹಿಂದಿನಿಂದ ನೂಕುತ್ತಿದ್ದಾನೆಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನೂಕಾಕತ್ತಿಲ್ಲವಾ," ಅಂದೆ ನಾನು. "ಸುಮ್ನ ಕೈ ಇಟ್ಟಾನ."

ಕೊಯ್ಯುವ ಯಂತ್ರ ದಾಟಿತು, ಕಾರು ದಾಟಿತು, ಬೈಕುಗಳು ದಾಟಿದವು. ಹೊಲಿಗೆ ಯಂತ್ರದ ಮುಂದೆ, ಕುಡುಗೋಲಿನ ಮುಂದೆ ಹಣ್ಣು ಕೊಯ್ದಿಟ್ಟರು. ಕೊನೆಗೆ ನನ್ನ ಸರದಿ. ಮಾವ ತಾವೇ ಒಂದು ಹಣ್ಣಿಗೆ ಕುಂಕುಮ ಹಚ್ಚಿ ಇಟ್ಟು ಕಟ್ಟೆಗೆ ಹೋಗಿ ಕೂತರು, ಪುಣ್ಯಕ್ಕೆ ಚಿಕ್ಕದನ್ನೇ ಆರಿಸಿದ್ದರು. ನಾನು ಕುರುಗೋಡಿನ ಬಂಡೆಯನ್ನು ನೆನೆದು ರಿಮೋಟು ಒತ್ತಿದೆ. ಹಳದಿ ಗಾಡಿ ಬಂತು, ಹಣ್ಣಿಗೆ ಮೂಗು ತಾಗಿಸಿತು, ಗುರುಗುಟ್ಟಿತು. ಹಣ್ಣು ಮುಂದಕ್ಕೆ ಜಾರಿತು. ಗಾಡಿ ಹಿಂಬಾಲಿಸಿತು, ಹಣ್ಣು ಮತ್ತೆ ಜಾರಿತು.

ಆಗ ನನಗೆ ಹೊಳೆಯಿತು. ಬಂಡೆ ಒರಟು. ಅದರ ಉಬ್ಬುತಗ್ಗುಗಳು ಹಣ್ಣನ್ನು ಹಿಡಿದು ನಿಲ್ಲಿಸುತ್ತಿದ್ದವು. ದಾಟಿಸಿದ್ದು ನನ್ನ ಗೇರಲ್ಲ, ಕುರುಗೋಡಿನ ಕಲ್ಲು. ಇಲ್ಲಿ ಅಂಗಳ ನುಣ್ಣಗೆ, ಹಸಿಹಸಿಯಾಗಿ, ಸಗಣಿಯಿಂದ ಜಾರುತ್ತಿದೆ. ಇಷ್ಟು ಚೆನ್ನಾಗಿ ಸಾರಿಸಿದವಳು ಯಾರು ಅಂದರೆ ನಾನೇ. ವಿಜ್ಞಾನದ ಟೀಚರು ಪರೀಕ್ಷೆ ಮಾಡದೆ ಒಪ್ಪಿದ ಒಂದೇ ವಸ್ತು ನೆಲ.

ಪಟ್ಟಿಗಳು ನಿಂತಲ್ಲೇ ಸುತ್ತತೊಡಗಿದವು. ಮೈದುನನ ಮಕ್ಕಳು ಮಂಡಿಯ ಮೇಲೆ ಮುಂದೆ ಸರಿದರು, ಒಬ್ಬನ ಕೈ ಆಗಲೇ ಚಾಚಿತ್ತು. ನನ್ನ ಕಣ್ಣು ತುಂಬಿಬಂತು. ಆಟಿಗಿ ಸಾಮಾನಿಗೆ ಅಳುವುದೇ ಅಂತ ಯಾರಾದರೂ ಅಂದಾರೆಂದು ರಿಮೋಟನ್ನು ಇನ್ನೂ ಗಟ್ಟಿಯಾಗಿ ಒತ್ತಿದೆ, ಒತ್ತಿದರೆ ಬಲ ಹೆಚ್ಚುವುದಿಲ್ಲವೆಂದು ಗೊತ್ತಿದ್ದೂ.

ಮಾವ ಕಟ್ಟೆ ಬಿಟ್ಟು ಎದ್ದರು. ಆ ಮೊಣಕಾಲು ಮಡಚಿ ಅವರು ನೆಲಕ್ಕೆ ಕೂತದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಒಂದು ಕೈ ನೆಲಕ್ಕೆ ಊರಿ, ನರಳುತ್ತ, ನನ್ನ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಹೊಸ ಪಂಚೆಯ ಅಂಚು ಸಗಣಿನೀರಿಗೆ ಅದ್ದಿತು. ಎಡ ಅಂಗೈಯನ್ನು ನಿಂಬೆಹಣ್ಣಿನ ಆಚೆಗೆ ಅಡ್ಡ ಹಿಡಿದರು. ಬಲಗೈಯ ತೋರುಬೆರಳನ್ನು ಬುಲ್ಡೋಜರಿನ ಬೆನ್ನಿಗೆ ತಾಗಿಸಿದರು. ಗಾಡಿ ಮೂಗು ಎತ್ತಿತು, ಗುರುಗುಟ್ಟಿತು, ಹತ್ತಿತು, ಅವರ ಬೆರಳುಗಳ ಮೇಲೆಯೇ ಹಾಯ್ದು ಆ ಕಡೆ ಧೊಪ್ಪನೆ ಇಳಿಯಿತು.

ಆ ಚೂಟಿ ಹುಡುಗಿ ಇದನ್ನೂ ಬಿಡಲಿಲ್ಲ.

"ಅಜ್ಜಾ, ನೀ ಕೈ ಹಚ್ಚಿದಿ," ಅಂದಳು.

"ಹಚ್ಚಿಲ್ಲವಾ, ಸುಮ್ನ ಇಟ್ಟೀನಿ," ಅಂದರು ಮಾವ. ಆಮೇಲೆ ಮಕ್ಕಳ ಕಡೆ ತಿರುಗಿ, "ಯಾರೂ ಮುಟ್ಟಬ್ಯಾಡ್ರಿ. ಇದು ನಿಮ್ಮ ದೊಡ್ಡವ್ವನ ಗಾಡಿ."

ಹಾಗೆಂದು ಏಳಲು ನೋಡಿದರು, ಆಗಲಿಲ್ಲ. ಮೊಣಕಾಲು ಹಿಡಿದುಕೊಂಡಿತ್ತು. ಕುಂಕುಮ, ನಿಂಬೆರಸ, ಸಗಣಿ ಮೂರೂ ಮೆತ್ತಿದ ಕೈಯನ್ನು ನನ್ನತ್ತ ಚಾಚಿದರು. ನಾನು ರಿಮೋಟು ಕೆಳಗಿಟ್ಟು, ಎರಡೂ ಕೈಯಲ್ಲಿ ಆ ಕೈ ಹಿಡಿದು ಎಳೆದೆ. ಈ ಸಲ ನಿಜವಾಗಿಯೂ ಎಳೆದೆ.